ಕ್ಲಮೈಡಿಯಾ ರಿಪೋರ್ಟ್ ಬಂದರೆ ಮೊದಲು ಸ್ಯಾಂಪಲ್ ಯಾವುದೆಂದು ನೋಡಿ

ಅಸರ್ ನಮಾಝ್ ಮುಗಿಸಿ ಚಾಕ್ಕೆ ನೀರು ಇಟ್ಟಿದ್ದೆ. ಪರಿಚಯದ ಮನೆಯ ಸೊಸೆಯೊಬ್ಬಳು ಬಂದು ಕೂತಳು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ಬ್ಯಾಗಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ತೆಗೆದು ನನ್ನ ಕೈಗಿಟ್ಟಳು.

"ಮಾಮಿ, ನೀವು ಮೊದಲು ಲ್ಯಾಬ್‌ನಲ್ಲಿ ಇದ್ದವರಲ್ವಾ? ಇದನ್ನೊಮ್ಮೆ ಓದಿ. ನನಗೆ ಇದರಲ್ಲಿ ಒಂದೇ ಶಬ್ದ ಅರ್ಥ ಆಗುದು."

ಆ ಒಂದು ಶಬ್ದ 'ಪಾಸಿಟಿವ್'.

ಮದುವೆಯಾಗಿ ನಾಲ್ಕು ವರ್ಷ. ಮಕ್ಕಳಾಗಿಲ್ಲ. ಗಂಡ ಗಲ್ಫ್‌ನಲ್ಲಿ. ನಾಲ್ಕು ವರ್ಷದಲ್ಲಿ ಗಂಡ-ಹೆಂಡತಿ ಒಟ್ಟಿಗೆ ಇದ್ದದ್ದು ಲೆಕ್ಕ ಹಾಕಿದರೆ ಎಂಟು ತಿಂಗಳೂ ಆಗಲಿಕ್ಕಿಲ್ಲ. ಆದರೂ "ಇನ್ನೂ ಎಂಥ ವಿಶೇಷ ಇಲ್ವಾ?" ಎಂಬ ಪ್ರಶ್ನೆ ಮಾತ್ರ ಪ್ರತಿ ಮದುವೆ ಮನೆಯಲ್ಲಿ, ಪ್ರತಿ ಪೆರ್ನಾಲಿನಲ್ಲಿ ಇವಳಿಗೇ. ಅತ್ತೆಯೇ ಕರೆದುಕೊಂಡು ಹೋಗಿ ಯಾವುದೋ ಪ್ಯಾಕೇಜ್ ಪರೀಕ್ಷೆ ಮಾಡಿಸಿದ್ದಾರೆ. ರಿಪೋರ್ಟ್ ಬಂದ ಸಂಜೆ ಮನೆಯ ಹುಡುಗನೊಬ್ಬ ಮೊಬೈಲ್‌ನಲ್ಲಿ ಆ ಹೆಸರು ಹಾಕಿ ಹುಡುಕಿ, "ಇದು ಕೆಟ್ಟ ಸಹವಾಸದಿಂದ ಬರುವ ರೋಗ" ಎಂದು ಎಲ್ಲರೆದುರು ಓದಿ ಹೇಳಿದ್ದಾನೆ. ಅಲ್ಲಿಂದ ಮನೆಯಲ್ಲಿ ಮಾತಿಲ್ಲ. ಗಂಡ ಮೂರು ದಿನದಿಂದ ಫೋನ್ ಎತ್ತಿಲ್ಲ. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಅವಳ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ.)

ನಾನು ಆ 'ಪಾಸಿಟಿವ್' ನೋಡಲಿಲ್ಲ. ಕಾಗದದ ಮೇಲಿನ ಮೂಲೆ ನೋಡಿದೆ. ಅಲ್ಲಿ ಸಣ್ಣ ಅಕ್ಷರದಲ್ಲಿ 'ಸ್ಯಾಂಪಲ್: ಸೀರಮ್' ಎಂದಿತ್ತು. ಅಂದರೆ ರಕ್ತ. ಪರೀಕ್ಷೆಯ ಹೆಸರು, ಕ್ಲಮೈಡಿಯಾ ಐಜಿಜಿ ಆಂಟಿಬಾಡಿ. ನನಗೆ ಅಷ್ಟು ಸಾಕಿತ್ತು. ಈ ಕಾಗದದಿಂದ ಅವಳಿಗೆ ಈಗ ಸೋಂಕು ಉಂಟು ಅಂತ ಹೇಳಲಿಕ್ಕೇ ಆಗುವುದಿಲ್ಲ. ಅವಳ ನಡತೆಯ ಬಗ್ಗೆಯಂತೂ ಒಂದು ಅಕ್ಷರವೂ ಇಲ್ಲ.

ಈ ವಿಷಯ ನಮ್ಮ ಪುಟದಲ್ಲಿ ಬರೆಯಬೇಕಾ ಬೇಡವಾ ಎಂದು ಬಹಳ ಯೋಚಿಸಿದೆ. ಹಯಾದ ವಿಷಯ, ಒಪ್ಪುತ್ತೇನೆ. ಆದರೆ ಬಾಯಿ ಮುಚ್ಚಿಕೊಂಡ ಕಾರಣಕ್ಕೆ ಒಂದು ಕಾಗದವನ್ನು ತಪ್ಪಾಗಿ ಓದಿ ಸಂಸಾರ ಒಡೆಯುವುದಾದರೆ, ಅದು ಯಾವ ಹಯಾ?

ಒಳಗೆ ಅಡಗುವ ರೋಗಾಣು

ಕ್ಲಮೈಡಿಯಾ ಒಂದು ಬ್ಯಾಕ್ಟೀರಿಯಾ. ಪೂರ್ತಿ ಹೆಸರು ಕ್ಲಮೈಡಿಯಾ ಟ್ರಕೋಮ್ಯಾಟಿಸ್. 1907ರಲ್ಲಿ ಜಾವಾ ದ್ವೀಪದಲ್ಲಿ ಇಬ್ಬರು ಯುರೋಪಿಯನ್ ಸಂಶೋಧಕರು, ಹಾಲ್ಬರ್‌ಸ್ಟೆಡ್ಟರ್ ಮತ್ತು ಪ್ರೊವಾಚೆಕ್, ಕಣ್ಣಿನ ಟ್ರಕೋಮಾ ರೋಗದ ಬಗ್ಗೆ ಅಧ್ಯಯನ ಮಾಡುವಾಗ ಇದನ್ನು ಮೊದಲು ಕಂಡದ್ದು. ಜೀವಕೋಶದ ಒಳಗೆ, ಅದರ ನಡುವಿನ ಬೀಜಕ್ಕೆ ಸುತ್ತ ಬಟ್ಟೆ ಹೊದೆಸಿದ ಹಾಗೆ ಕಾಣುತ್ತಿತ್ತಂತೆ. ಗ್ರೀಕ್ ಭಾಷೆಯಲ್ಲಿ ಹೊದೆಯುವ ಮೇಲಂಗಿಗೆ 'ಕ್ಲಮಿಸ್' ಎನ್ನುತ್ತಾರೆ, ಹೆಸರು ಬಂದದ್ದು ಹಾಗೆ. ನಮ್ಮ ಜೀವಕೋಶದ ಒಳಗೆ ಹೊಕ್ಕರೆ ಮಾತ್ರ ಇದು ಬೆಳೆಯುತ್ತದೆ, ಹೊರಗೆ ಬೆಳೆಯುವುದಿಲ್ಲ. ಅದಕ್ಕೇ ಬಹಳ ಕಾಲ ಇದನ್ನು ವೈರಸ್ ಅಂತಲೇ ತಿಳಿದಿದ್ದರು. ಈ 'ಒಳಗೆ ಅಡಗುವ' ಗುಣ ನೆನಪಿಡಿ. ಯಾವ ಸ್ಯಾಂಪಲ್ ಬೇಕು ಎಂಬ ಪ್ರಶ್ನೆಗೆಲ್ಲ ಉತ್ತರ ಅದರಲ್ಲೇ ಉಂಟು.

ಇದರಲ್ಲಿ ಹಲವು ಕವಲುಗಳಿವೆ. ಒಂದು ಕವಲು ಕಣ್ಣಿಗೆ ಬಂದು ಟ್ರಕೋಮಾ ಮಾಡುತ್ತದೆ. ಅದು ಕೈ, ಬಟ್ಟೆ, ನೊಣದಿಂದ ಹರಡುವಂಥದ್ದು. ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಇನ್ನು ಉಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಇನ್ನೊಂದು ಕವಲು ದೇಹಸಂಪರ್ಕದಿಂದ ಹರಡುತ್ತದೆ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೂ ಹೋಗುತ್ತದೆ. ಟಾಯ್ಲೆಟ್ ಸೀಟಿನಿಂದ, ಬಾವಿ ನೀರಿನಿಂದ ಬರುತ್ತದೆ ಅಂತ ಸಮಾಧಾನಕ್ಕೆ ಹೇಳುವವರಿದ್ದಾರೆ. ಅದು ಸರಿಯಲ್ಲ.

ಅಪರೂಪದ ರೋಗವೂ ಅಲ್ಲ. 2020ರಲ್ಲಿ ಜಗತ್ತಿನಲ್ಲಿ 15ರಿಂದ 49 ವರ್ಷದವರಲ್ಲಿ ಸುಮಾರು 12.85 ಕೋಟಿ ಹೊಸ ಸೋಂಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತೊಂದರೆ ಏನೆಂದರೆ ಬಹುಪಾಲು ಹೆಂಗಸರಿಗೆ ಯಾವ ಲಕ್ಷಣವೂ ಇರುವುದಿಲ್ಲ, ಗಂಡಸರಲ್ಲೂ ಎಷ್ಟೋ ಮಂದಿಗೆ ಇಲ್ಲ. ಇದ್ದರೆ ಬಿಳಿ ಹೋಗುವುದು, ಮೂತ್ರ ಉರಿ, ಕೆಳಹೊಟ್ಟೆ ನೋವು, ಮುಟ್ಟಿನ ನಡುವೆ ರಕ್ತದ ಕಲೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಕೆಲವರಲ್ಲಿ ಮೇಲಕ್ಕೆ ಹತ್ತಿ ಗರ್ಭಕೋಶದ ಎರಡು ಬದಿಯ ಟ್ಯೂಬ್‌ಗಳಲ್ಲಿ ಗಾಯ ಮಾಡುತ್ತದೆ. ಗಾಯ ಒಣಗಿದಾಗ ಟ್ಯೂಬ್ ಕಟ್ಟಿಕೊಳ್ಳುತ್ತದೆ. ಮಕ್ಕಳಾಗದಿರುವುದು, ಟ್ಯೂಬಿನಲ್ಲೇ ಗರ್ಭ ನಿಂತು ಜೀವಕ್ಕೆ ಅಪಾಯವಾಗುವುದು, ಎರಡೂ ಹೀಗೆ ಆಗುತ್ತವೆ. ಆದರೆ ಟ್ಯೂಬ್ ಕಟ್ಟಿದ್ದೆಲ್ಲ ಕ್ಲಮೈಡಿಯಾ ಅಲ್ಲ. ನಮ್ಮ ದೇಶದಲ್ಲಿ ಗರ್ಭಕೋಶದ ಟಿಬಿಯೂ ಅದನ್ನೇ ಮಾಡುತ್ತದೆ, ಹಳೆಯ ಆಪರೇಷನ್ನಿನಿಂದಲೂ ಆಗುತ್ತದೆ.

ರಕ್ತ ಎಂಥ ಹೇಳುತ್ತದೆ

ಕೋವಿಡ್ ಕಾಲ ನಮ್ಮ ಮನೆಗಳಿಗೆ ಲ್ಯಾಬ್ ಪಾಠ ಚೆನ್ನಾಗಿಯೇ ಕಲಿಸಿದೆ. ಆಗ ದುಬೈ ವಿಮಾನ ಹತ್ತಬೇಕಾದರೆ ಆರ್‌ಟಿಪಿಸಿಆರ್ ಬೇಕಿತ್ತು, ಮೂಗಿಗೆ ಕಡ್ಡಿ ಹಾಕಿಯೇ ಕೊಡಬೇಕಿತ್ತು. ರಕ್ತದಲ್ಲಿ ಆಂಟಿಬಾಡಿ ಉಂಟು ಎಂಬ ಕಾಗದ ತೋರಿಸಿದರೆ ಯಾರೂ ಹತ್ತಿಸುತ್ತಿರಲಿಲ್ಲ. ಯಾಕೆ? ಆಂಟಿಬಾಡಿ ಅಂದರೆ ದೇಹ ಯಾವತ್ತೋ ಆ ರೋಗಾಣುವನ್ನು ಕಂಡಿದೆ ಎಂಬ ನೆನಪು ಮಾತ್ರ. ಈಗ ಮೂಗಿನಲ್ಲಿ ವೈರಸ್ ಉಂಟಾ ಇಲ್ವಾ ಎಂಬುದಕ್ಕೆ ಅದು ಉತ್ತರ ಅಲ್ಲ.

ಕ್ಲಮೈಡಿಯಾದಲ್ಲೂ ಅಷ್ಟೇ. ಐಜಿಜಿ ಒಮ್ಮೆ ಬಂದರೆ ಸೋಂಕು ಹೋದ ಮೇಲೂ ವರ್ಷಗಟ್ಟಲೆ ರಕ್ತದಲ್ಲಿ ಉಳಿಯಬಹುದು. ಇನ್ನೊಂದು ದೊಡ್ಡ ಗೊಂದಲ ಉಂಟು. ಕ್ಲಮೈಡಿಯಾ ನ್ಯುಮೋನಿಯೆ ಅಂತ ಇದರ ದಾಯಾದಿ ಒಂದಿದೆ. ಅದು ಕೆಮ್ಮು-ಸೀನಿನಿಂದ ಹರಡುವ ಎದೆಯ ಸೋಂಕು, ನಡತೆಗೂ ಅದಕ್ಕೂ ಸಂಬಂಧವೇ ಇಲ್ಲ. ಬಹಳಷ್ಟು ವಯಸ್ಕರ ರಕ್ತದಲ್ಲಿ ಅದರ ಆಂಟಿಬಾಡಿ ಇರುತ್ತದೆ. ಕೆಲವು ರಕ್ತಪರೀಕ್ಷೆಗಳಿಗೆ ಈ ದಾಯಾದಿಗಳ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ, ಅದಕ್ಕೂ 'ಪಾಸಿಟಿವ್' ಎಂದುಬಿಡುತ್ತವೆ. ಚಿಕ್ಕಂದಿನ ಕೆಮ್ಮಿನ ಗುರುತಿಗೆ ಒಬ್ಬಳು ಸೊಸೆ ಅಪರಾಧಿಯಾಗಿ ನಿಂತರೆ ಹೇಗಿರ್ತದೆ ನೋಡಿ.

ಹಾಗಂತ ರಕ್ತಪರೀಕ್ಷೆ ಪೂರ್ತಿ ದಂಡ ಎಂದಲ್ಲ. ಮಕ್ಕಳಾಗದವರ ತಪಾಸಣೆಯಲ್ಲಿ ಟ್ಯೂಬ್‌ಗೆ ಹಳೆಯ ಗಾಯ ಇದ್ದಿರಬಹುದಾ ಎಂಬ ಸುಳಿವಿಗೆ ಕೆಲವು ಡಾಕ್ಟರ್‌ಗಳು ಇದನ್ನು ನೋಡುತ್ತಾರೆ. ಅದು ಸುಳಿವು, ಅಷ್ಟೆ. ಈಗ ಸೋಂಕು ಉಂಟಾ ಎಂದು ತಿಳಿಯಲು ರಕ್ತ ಸರಿಯಾದ ಸ್ಯಾಂಪಲ್ ಅಲ್ಲ. ಆದರೂ ಪ್ಯಾಕೇಜ್‌ಗಳಲ್ಲಿ ರಕ್ತಪರೀಕ್ಷೆಯೇ ಯಾಕೆ ಬರುತ್ತದೆ? ತೆಗೆಯುವುದು ಸುಲಭ. ಒಂದು ಸೂಜಿ, ಒಂದು ಟ್ಯೂಬ್, ಹತ್ತು ಪರೀಕ್ಷೆ. ನನಗೆ ಬೇಸರ ಇರುವುದು ಇಲ್ಲಿಯೇ.

ಸೋಂಕು ಈಗ ಉಂಟಾ ಎಂದು ನೋಡುವ ಪರೀಕ್ಷೆ ಎಂದರೆ ರೋಗಾಣುವಿನ ವಂಶವಾಹಿಯನ್ನೇ ಹಲವು ಪಟ್ಟು ಹೆಚ್ಚಿಸಿ ಹುಡುಕುವಂಥದ್ದು. ಡಾಕ್ಟರ್‌ಗಳು 'ನಾಟ್' ಎನ್ನುತ್ತಾರೆ, ಪಿಸಿಆರ್ ಅದರದ್ದೇ ಒಂದು ಬಗೆ. ಹಿಂದಿನ ಕಾಲದಲ್ಲಿ ಜೀವಕೋಶಗಳನ್ನು ಬೆಳೆಸಿ, ಅದರೊಳಗೆ ರೋಗಾಣು ಬೆಳೆಯುತ್ತದಾ ಎಂದು ಎರಡು-ಮೂರು ದಿನ ಕಾದು ನೋಡಬೇಕಿತ್ತು. ಅದರಲ್ಲಿ ತಪ್ಪಿಹೋಗುತ್ತಿದ್ದದ್ದೂ ಬಹಳ. ಪಿಸಿಆರ್ ಸರಿಯಾದ ಸ್ಯಾಂಪಲ್ ಸಿಕ್ಕರೆ 100 ಸೋಂಕಿನಲ್ಲಿ 90ಕ್ಕಿಂತ ಹೆಚ್ಚನ್ನು ಹಿಡಿಯುತ್ತದೆ. ಟಿಬಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಬಳಸುವ ಸಿಬಿನಾಟ್ ಯಂತ್ರ ಗೊತ್ತಲ್ವಾ, ಕ್ಲಮೈಡಿಯಾಕ್ಕೆ ಬೇರೆ ಕಾರ್ಟ್ರಿಜ್ ಹಾಕಿದರೆ ಅದೇ ಯಂತ್ರ ಸುಮಾರು ಒಂದೂವರೆ ಗಂಟೆಯಲ್ಲಿ ಉತ್ತರ ಕೊಡುತ್ತದೆ. ಆ ಕಾರ್ಟ್ರಿಜ್ ಎಲ್ಲ ಕಡೆ ಇರುವುದಿಲ್ಲ, ಕೇಳಿಕೊಂಡೇ ಹೋಗಬೇಕು.

ಹೆಂಗಸರಿಗೆ: ಬೋಲ್ಟ್ ಹಾಕಿದ ಬಾಗಿಲ ಹಿಂದೆ

ನಮ್ಮ ಹೆಣ್ಣುಮಕ್ಕಳು ಈ ಪರೀಕ್ಷೆಯಿಂದ ಓಡಿಹೋಗಲು ಮುಖ್ಯ ಕಾರಣ ಮಂಚ, ಮೇಲಿನ ಲೈಟು, ಮತ್ತು ಆ ಲೋಹದ ಸಾಧನ. ಗರ್ಭಕೊರಳಿನಿಂದ ಸ್ಯಾಂಪಲ್ ತೆಗೆಯಬೇಕಾದರೆ ಅದೆಲ್ಲ ಬೇಕು. ರೋಗಾಣು ಅಡಗುವ ಜೀವಕೋಶಗಳು ಅಲ್ಲಿಯೇ ಹೆಚ್ಚು ಇರುವುದರಿಂದ ಬಹಳ ವರ್ಷ ಅದೊಂದೇ ಸರಿಯಾದ ಸ್ಯಾಂಪಲ್ ಎನ್ನುತ್ತಿದ್ದರು. ನಾನು ಕೆಲಸ ಮಾಡುವಾಗ ಎಷ್ಟೋ ಹೆಂಗಸರು ಚೀಟಿ ಹಿಡಿದು ಕೌಂಟರ್ ತನಕ ಬಂದು, "ಗಂಡನನ್ನು ಕೇಳಿ ಬರ್ತೇನೆ" ಎಂದು ಹೋದವರು ಹಿಂದೆ ಬಂದದ್ದಿಲ್ಲ.

ಈಗ ಹಾಗಿಲ್ಲ. ಪಿಸಿಆರ್ ಬಂದ ಮೇಲೆ ಯೋನಿಯ ಸ್ವಾಬ್ ಸಾಕು, ಅದನ್ನು ಹೆಂಗಸು ತಾನೇ ತೆಗೆಯಬಹುದು. ತಾನೇ ತೆಗೆದದ್ದೂ ಡಾಕ್ಟರ್ ತೆಗೆದದ್ದೂ ಫಲಿತಾಂಶದಲ್ಲಿ ಒಂದೇ ತೂಕ ಎಂದು ಸಾಬೀತಾಗಿದೆ. ಅಮೆರಿಕದ ಸಿಡಿಸಿ ಸಂಸ್ಥೆ ಹೆಂಗಸರಿಗೆ ಇದೇ ಅತ್ಯುತ್ತಮ ಸ್ಯಾಂಪಲ್ ಎನ್ನುತ್ತದೆ.

ಮಾಡುವುದು ಹೀಗೆ. ಲ್ಯಾಬ್‌ನವರು ಒಂದು ಕವರ್ ಕೊಡುತ್ತಾರೆ. ಒಳಗೆ ಉದ್ದ ಕಡ್ಡಿ, ಸ್ವಲ್ಪ ದ್ರವ ಇರುವ ಸಣ್ಣ ಟ್ಯೂಬ್. ಬಾತ್‌ರೂಮಿಗೆ ಹೋಗಿ ಬೋಲ್ಟ್ ಹಾಕಿ, ಕೈ ತೊಳೆದು ಒರೆಸಿಕೊಳ್ಳಿ. ಕಡ್ಡಿಯ ಮೆತ್ತಗಿನ ತುದಿ ಮುಟ್ಟಬೇಡಿ, ಎಲ್ಲಿಯೂ ಇಡಬೇಡಿ. ಸುಮಾರು ಎರಡು ಇಂಚು ಒಳಗೆ ಇಟ್ಟು ಮೆಲ್ಲಗೆ ಹತ್ತರಿಂದ ಮೂವತ್ತು ಸೆಕೆಂಡ್ ತಿರುಗಿಸಿ. ಒಳಬದಿಗೆ ತಾಗಬೇಕು, ಜೀವಕೋಶ ಬರುವುದು ಅಲ್ಲಿಂದ. ತೆಗೆದು ನೇರ ಟ್ಯೂಬಿಗೆ ಹಾಕಿ, ಕಡ್ಡಿಯಲ್ಲಿ ಗೆರೆ ಇರುವಲ್ಲಿ ಮುರಿದು ಮುಚ್ಚಳ ಬಿಗಿ ಮಾಡಿ. ಆ ದ್ರವ ಚೆಲ್ಲಿದರೆ ಹೊಸ ಕಿಟ್ ಕೇಳಿ, ನಾಚಿಕೊಂಡು ನೀರು ಹಾಕಿ ಕೊಡಬೇಡಿ. ಹಾಗೆ ಕೊಟ್ಟವರೂ ಇದ್ದಾರೆ, ಅದಕ್ಕೇ ಹೇಳಿದ್ದು. ಎರಡು ನಿಮಿಷದ ಕೆಲಸ. ಯಾರೂ ನೋಡುವುದಿಲ್ಲ, ಯಾರೂ ಮುಟ್ಟುವುದಿಲ್ಲ.

ನಮ್ಮ ಊರಿನ ಎಲ್ಲ ಲ್ಯಾಬ್‌ಗಳಲ್ಲಿ "ನೀವೇ ತೆಗೀಬಹುದು" ಎಂದು ಅವರಾಗಿ ಹೇಳುವುದಿಲ್ಲ. ನೀವು ಕೇಳಬೇಕು. ಫೋನಿನಲ್ಲೇ ಕೇಳಬಹುದು, ಹೆಸರು ಹೇಳಬೇಕೆಂದೇ ಇಲ್ಲ. ಹೊಟ್ಟೆನೋವು, ರಕ್ತ ಹೋಗುವುದು ಇದ್ದರೆ ಮಾತ್ರ ಡಾಕ್ಟರ್ ಪರೀಕ್ಷೆ ಮಾಡಿಯೇ ನೋಡಬೇಕಾಗುತ್ತದೆ, ಆಗ ಗರ್ಭಕೊರಳಿನ ಸ್ಯಾಂಪಲ್ ಕೂಡ ಅವರೇ ತೆಗೆಯುತ್ತಾರೆ. ಚಿಕಿತ್ಸೆಗೆ ಅಗತ್ಯ ಬಂದರೆ ಅಗತ್ಯದಷ್ಟು ತೋರಿಸಲು ಅನುಮತಿ ಉಂಟೆಂದು ಉಲಮಾಗಳು ಹೇಳಿದ್ದೇ ಇದೆ. ಲೇಡಿ ಡಾಕ್ಟರ್ ಬೇಕೆಂದು ಕೇಳುವುದು ನಿಮ್ಮ ಹಕ್ಕು.

ಒಂದು ಮಾತು ರಮಝಾನಿನ ಬಗ್ಗೆ. ನಾವು ಶಾಫಿ ಮದ್‌ಹಬ್‌ನವರು. ನಮ್ಮ ಕಿತಾಬುಗಳ ಪ್ರಕಾರ ಉಪವಾಸದಲ್ಲಿರುವಾಗ ದೇಹದ ಒಳದಾರಿಗೆ ಏನಾದರೂ ಹೋದರೆ ಉಪವಾಸ ಮುರಿಯುತ್ತದೆ, ಯೋನಿಯ ಸ್ವಾಬ್ ಕೂಡ ಅದರಲ್ಲಿ ಬರುತ್ತದೆ. ಇದು ಅದೇ ದಿನ ಮಾಡಲೇಬೇಕಾದ ತುರ್ತು ಪರೀಕ್ಷೆ ಅಲ್ಲ. ಇಫ್ತಾರ್ ಆದ ಮೇಲೆ ತೆಗೆದರಾಯಿತು, ಅಥವಾ ಹಗಲಲ್ಲಿ ಯೂರಿನ್ ಕೊಟ್ಟರಾಯಿತು. ಸಂಶಯ ಇದ್ದರೆ ನಿಮ್ಮ ಮೊಹಲ್ಲಾದ ಉಸ್ತಾದರನ್ನು ಕೇಳಿಸಿ.

ಯೂರಿನ್: ಮೊದಲು ಬರುವುದೇ ಬೇಕು

ಗಂಡಸರಿಗೆ ಹಿಂದೆ ಮೂತ್ರನಾಳದೊಳಗೆ ಕಡ್ಡಿ ಹಾಕಿ ತೆಗೆಯುತ್ತಿದ್ದರು. ಒಮ್ಮೆ ಅನುಭವಿಸಿದವರು ಇನ್ನೊಮ್ಮೆ ಆ ಬೀದಿಗೇ ಬರುವುದಿಲ್ಲ. ಈಗ ಯೂರಿನ್ ಸಾಕು. ಹೆಂಗಸರೂ ಕೊಡಬಹುದು, ಆದರೆ ಸ್ವಾಬ್‌ಗೆ ಹೋಲಿಸಿದರೆ ಯೂರಿನ್‌ನಲ್ಲಿ ಹತ್ತು ಶೇಕಡದವರೆಗೆ ಸೋಂಕು ತಪ್ಪಿಹೋಗಬಹುದು. ಸ್ವಾಬ್ ಬೇಡವೇ ಬೇಡ ಎನ್ನುವವರಿಗೆ ಏನೂ ಮಾಡದೆ ಇರುವುದಕ್ಕಿಂತ ಯೂರಿನ್ ಒಳ್ಳೆಯದು.

ಇಲ್ಲಿ ನಮ್ಮವರು ತಪ್ಪು ಮಾಡುವುದು ಮೂರು ಕಡೆ.

ಒಂದು, ಯೂರಿನ್ ಕಲ್ಚರ್‌ಗೆ ಕೊಟ್ಟು ಅಭ್ಯಾಸ ಆದವರು 'ಮೊದಲಿನದ್ದು ಬಿಟ್ಟು ನಡುವಿನದ್ದು' ಹಿಡಿಯುತ್ತಾರೆ. ಕ್ಲಮೈಡಿಯಾಕ್ಕೆ ಸರೀ ಉಲ್ಟಾ. ರೋಗಾಣು ಇರುವುದು ಮೂತ್ರಕೋಶದಲ್ಲಿ ಅಲ್ಲ, ನಾಳದ ಗೋಡೆಯ ಜೀವಕೋಶದಲ್ಲಿ. ಮೊದಲು ಬರುವ ಮೂತ್ರ ಆ ಗೋಡೆಯನ್ನು ತೊಳೆದುಕೊಂಡು ಬರುತ್ತದೆ. ಮೊದಲ 20ರಿಂದ 30 ಮಿ.ಲೀ. ಮಾತ್ರ ಹಿಡಿಯಬೇಕು, ಅಂದರೆ ಸಣ್ಣ ಡಬ್ಬಿಯ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ತುಂಬಿಸಿ ಕೊಟ್ಟರೆ ರೋಗಾಣು ನೀರಿನಲ್ಲಿ ಕರಗಿದ ಹಾಗೆ ತೆಳುವಾಗಿ ಹೋಗುತ್ತದೆ.

ಎರಡು, ಕೊಡುವ ಮೊದಲು ಕನಿಷ್ಠ ಒಂದು ಗಂಟೆ ಮೂತ್ರಕ್ಕೆ ಹೋಗಿರಬಾರದು. ಬೆಳಗ್ಗಿನ ಮೊದಲ ಮೂತ್ರವೇ ಆಗಬೇಕೆಂದಿಲ್ಲ. ಸ್ಕ್ಯಾನಿಂಗ್‌ಗೆ ಹೋಗುವ ಹಾಗೆ ಬಾಟ್ಲಿಗಟ್ಟಲೆ ನೀರು ಕುಡಿದು ಬರುವುದೂ ಬೇಡ.

ಮೂರನೆಯದು ನಮ್ಮ ಒಳ್ಳೆಯ ಅಭ್ಯಾಸದಿಂದಲೇ ಆಗುವ ತಪ್ಪು. ಚಿಕ್ಕಂದಿನಿಂದ ಮದ್ರಸದಲ್ಲಿ ಕಲಿತದ್ದು ನೀರಿನಿಂದ ಶುಚಿ. ಲ್ಯಾಬ್‌ಗೆ ಕೊಡುವುದೆಂದರೆ ಇನ್ನೂ ಚೆನ್ನಾಗಿ ತೊಳೆದುಕೊಂಡೇ ಹೋಗುತ್ತಾರೆ ನಮ್ಮ ಹೆಂಗಸರು. ಈ ಒಂದು ಪರೀಕ್ಷೆಗೆ ಮಾತ್ರ ಯೂರಿನ್ ಹಿಡಿಯುವ ಮೊದಲು ತೊಳೆಯಬಾರದು, ಬೇಕಾದದ್ದೇ ತೊಳೆದು ಹೋಗುತ್ತದೆ. ಹಿಡಿದು ಆದ ಮೇಲೆ ಎಷ್ಟು ಬೇಕಾದರೂ ತೊಳೆಯಿರಿ, ಶುಚಿಗೆ ಅಡ್ಡಿ ಇಲ್ಲ.

ಮನೆಯಿಂದ ಯೂರಿನ್ ತಂದು ಕೊಡುವವರು ತಡ ಮಾಡಬಾರದು. ಡಬ್ಬಿಯಲ್ಲಿ ಹಾಗೆಯೇ ಇರುವ ಮೂತ್ರವನ್ನು ಒಂದು ದಿನದೊಳಗೆ ಔಷಧದ ಟ್ಯೂಬಿಗೆ ಬದಲಿಸಬೇಕಾಗುತ್ತದೆ.

ಮಗುವಿನ ಕಣ್ಣು

ಬಾಣಂತನದ ನಲವತ್ತು ದಿನದಲ್ಲಿ ಮಗುವಿನ ಕಣ್ಣು ಅಂಟಿಕೊಂಡರೆ ಮನೆಯಲ್ಲಿ ಹತ್ತು ಮದ್ದು. ಎದೆಹಾಲು ಹಿಂಡುವವರು, ಸುರ್ಮಾ ಹಚ್ಚುವವರು, ಗುಲಾಬಿನೀರು ಹಾಕುವವರು. ಹುಟ್ಟಿ ಸುಮಾರು 5ರಿಂದ 12 ದಿನದ ನಡುವೆ ಕಣ್ಣು ಊದಿ, ಕೆಂಪಾಗಿ, ಕೀವು ಬರುತ್ತಿದ್ದರೆ ಅದು ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಬಂದ ಕ್ಲಮೈಡಿಯಾ ಆಗಿರಬಹುದು. ಅದಕ್ಕಿಂತಲೂ ಮೊದಲು, ಎರಡನೇ-ಮೂರನೇ ದಿನವೇ ಜೋರಾಗಿ ಕೀವು ಬಂದರೆ ಗೊನೋರಿಯಾ ಎಂಬ ಇನ್ನೊಂದು ಸೋಂಕಿನ ಭಯ, ಅದು ಕಣ್ಣನ್ನೇ ಕೆಡಿಸಬಲ್ಲದು. ಎರಡರಲ್ಲಿ ಯಾವುದಾದರೂ ಅದೇ ದಿನ ಮಕ್ಕಳ ಡಾಕ್ಟರ್ ಹತ್ತಿರ ಹೋಗಬೇಕು.

ಇಲ್ಲಿ ಸ್ಯಾಂಪಲ್ ಕಣ್ಣಿನಿಂದ. ಹೊರಗೆ ಇಳಿದ ಕೀವು ಒರೆಸಿ ಕಳಿಸಿದರೆ ಪ್ರಯೋಜನ ಇಲ್ಲ. ರೆಪ್ಪೆ ಮಗುಚಿ, ಒಳಗಿನ ಪದರಕ್ಕೆ ಸ್ವಾಬ್ ತಾಗಿಸಿ ತೆಗೆಯಬೇಕು. ಮೊದಲೇ ಹೇಳಿದೆನಲ್ಲ, ರೋಗಾಣು ಇರುವುದು ಜೀವಕೋಶದ ಒಳಗೆ, ಕೀವಿನಲ್ಲಿ ಅಲ್ಲ. ಇದನ್ನು ತಿಳಿದವರೇ ಮಾಡಬೇಕು, ಮನೆಯಲ್ಲಿ ಬೇಡ. ಕ್ಲಮೈಡಿಯಾ ಆದರೆ ಬರೀ ಕಣ್ಣಿನ ಡ್ರಾಪ್ಸ್ ಸಾಲದು, ಮಗುವಿಗೆ ಬಾಯಿಯಿಂದ ಔಷಧ ಬೇಕು. ಯಾಕೆಂದರೆ ಇದೇ ರೋಗಾಣು ಮೂಗು-ಗಂಟಲಿಗೂ ಹೋಗಿ, ಒಂದರಿಂದ ಮೂರು ತಿಂಗಳಿನಲ್ಲಿ ಜ್ವರವಿಲ್ಲದೆ ಬಿಟ್ಟು ಬಿಟ್ಟು ಕೆಮ್ಮು ಬರುವ ನ್ಯುಮೋನಿಯಾ ಮಾಡಬಹುದು. ತಂದೆ-ತಾಯಿಗೂ ಚಿಕಿತ್ಸೆ ಆಗಬೇಕು.

ಗಂಟಲು, ಗುದದ್ವಾರದಿಂದಲೂ ಸ್ಯಾಂಪಲ್ ತೆಗೆಯುವುದುಂಟು. ಬೇಕಾ ಎಂಬುದನ್ನು ಡಾಕ್ಟರ್ ಕೇಳಿ ತಿಳಿದು ನಿರ್ಧರಿಸುತ್ತಾರೆ, ಅವರೆದುರು ಸುಳ್ಳು ಹೇಳಬಾರದು. ವೀರ್ಯ ಬೇರೆ ಪರೀಕ್ಷೆಗೆ ಕೊಡುವಂಥದ್ದು, ಕ್ಲಮೈಡಿಯಾಕ್ಕೆ ಸಾಮಾನ್ಯವಾಗಿ ಅದನ್ನು ಬಳಸುವುದಿಲ್ಲ.

ರಿಪೋರ್ಟ್ ಸಾಕ್ಷಿ ಅಲ್ಲ

ಸರಿ, ಸರಿಯಾದ ಸ್ಯಾಂಪಲ್ ಕೊಟ್ಟು ಪಿಸಿಆರ್ ಮಾಡಿಸಿ ಅದೂ ಪಾಸಿಟಿವ್ ಬಂದರೆ?

ಆಗ ಸೋಂಕು ಉಂಟು, ಮಾತ್ರೆ ಬೇಕು. ಆದರೆ ಯಾವಾಗ ಬಂತು, ಯಾರಿಂದ ಯಾರಿಗೆ ಬಂತು ಎಂಬುದು ಆ ಕಾಗದದಲ್ಲಿ ಇರುವುದೇ ಇಲ್ಲ. ಲಕ್ಷಣವಿಲ್ಲದೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕಿಂತಲೂ ಹೆಚ್ಚು ಕಾಲ ಇದು ಒಳಗೇ ಇರುತ್ತದೆ. ಮೊದಲು ಯಾರ ಪರೀಕ್ಷೆ ಆಯಿತೋ ಅವರು ಮೊದಲು ತಂದವರು ಎಂದು ತಿಳಿಯುವುದು ನಮ್ಮ ಮನೆಗಳ ದೊಡ್ಡ ಅನ್ಯಾಯ. ಮೊದಲು ಪರೀಕ್ಷೆ ಆಗುವುದು ಯಾವಾಗಲೂ ಹೆಣ್ಣಿನದ್ದೇ, ಯಾಕೆಂದರೆ ಮಕ್ಕಳಾಗದಿದ್ದರೆ ಕರೆದುಕೊಂಡು ಹೋಗುವುದು ಅವಳನ್ನು ಮಾತ್ರ. ಗಂಡಸಿನ ವೀರ್ಯಪರೀಕ್ಷೆ ಎಲ್ಲದಕ್ಕಿಂತ ಸುಲಭದ್ದು, ಮೊದಲ ದಿನವೇ ಆಗಬೇಕಾದದ್ದು. ಅದು ಮಾತ್ರ ರಜೆ ಮುಗಿದು ವಿಮಾನ ಹತ್ತುವವರೆಗೂ ಆಗುವುದಿಲ್ಲ.

ಪಿಸಿಆರ್ ಕೂಡ ಮನುಷ್ಯರು ಮಾಡುವ ಕೆಲಸ. ಸೋಂಕಿಲ್ಲದ 100 ಮಂದಿಯಲ್ಲಿ ಒಬ್ಬರಿಗೆ ತಪ್ಪಾಗಿ ಪಾಸಿಟಿವ್ ಬರುವ ಸಾಧ್ಯತೆ ಇರುತ್ತದೆ, ಸಂಶಯ ಇದ್ದರೆ ಇನ್ನೊಮ್ಮೆ ಮಾಡಿಸಬಹುದು. ತಪ್ಪಾಗಿ ನೆಗೆಟಿವ್ ಬಂದದ್ದೂ ಉಂಟು. 2006ರಲ್ಲಿ ಸ್ವೀಡನ್‌ನಲ್ಲಿ ಒಂದು ಜಿಲ್ಲೆಯಲ್ಲಿ ಕ್ಲಮೈಡಿಯಾ ಸಂಖ್ಯೆ ಇದ್ದಕ್ಕಿದ್ದಂತೆ ಇಳಿಯಿತು. ಹುಡುಕಿ ನೋಡಿದರೆ ರೋಗಾಣುವಿನ ವಂಶವಾಹಿಯಲ್ಲಿ ಒಂದು ತುಂಡು ಬಿಟ್ಟುಹೋಗಿತ್ತು. ಕೆಲವು ಪರೀಕ್ಷೆಗಳು ಹುಡುಕುತ್ತಿದ್ದದ್ದು ಸರಿಯಾಗಿ ಆ ತುಂಡನ್ನೇ. ರೋಗ ಇತ್ತು, ಪರೀಕ್ಷೆಗೆ ಕಾಣಲಿಲ್ಲ. ಆಮೇಲೆ ಪರೀಕ್ಷೆಗಳನ್ನು ಬದಲಿಸಿದರು.

ಹೆಣ್ಣಿನ ಮಾನದ ಮೇಲೆ ಆರೋಪ ಹೊರಿಸುವವನು ನಾಲ್ಕು ಸಾಕ್ಷಿ ತರಬೇಕೆಂದು ಸೂರಾ ನೂರ್‌ನಲ್ಲಿ ಇರುವುದು ಮದ್ರಸಕ್ಕೆ ಹೋದ ಮಕ್ಕಳಿಗೂ ಗೊತ್ತು. ಅಷ್ಟು ಕಟ್ಟುನಿಟ್ಟು ಇರುವ ದೀನಿನವರು ನಾವು, ಒಂದು ಸೀರಮ್ ರಿಪೋರ್ಟ್‌ನ್ನು ನಾಲ್ಕು ಸಾಕ್ಷಿಯ ಜಾಗದಲ್ಲಿ ಇಡುವುದು ಹೇಗೆ?

ಮಾತ್ರೆಯ ಲೆಕ್ಕ

ಚಿಕಿತ್ಸೆ ಕಷ್ಟದ್ದಲ್ಲ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಏಳು ದಿನ, ಗರ್ಭಿಣಿಯರಿಗೆ ಅದು ಆಗದು, ಅಝಿತ್ರೋಮೈಸಿನ್ ಕೊಡುತ್ತಾರೆ. ಡಾಕ್ಟರ್ ಬರೆದೇ ಕೊಡಬೇಕು. ಮೆಡಿಕಲ್ ಶಾಪ್‌ನಲ್ಲಿ ಕೆಮ್ಮಿಗೆ ಕೊಟ್ಟ ಅಝಿತ್ರೋಮೈಸಿನ್ ಮನೆಯಲ್ಲಿ ಉಳಿದದ್ದು ನುಂಗಿ ಮುಗಿಸುವ ವಿಷಯ ಅಲ್ಲ. ಸರಕಾರದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲಕ್ಷಣ ನೋಡಿ ಬಣ್ಣ ಬಣ್ಣದ ಕಿಟ್‌ನಲ್ಲಿ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಲ್ಯಾಬ್ ಇಲ್ಲದ ಊರಿಗೆ ಅದು ದೊಡ್ಡ ಉಪಕಾರ. ಆದರೆ ಲಕ್ಷಣವೇ ಇಲ್ಲದವರು ಆ ಲೆಕ್ಕದಲ್ಲಿ ಬರುವುದಿಲ್ಲ, ಅವರಿಗೆ ಪರೀಕ್ಷೆಯೇ ಬೇಕು.

ಗಂಡ-ಹೆಂಡತಿ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು, ಮುಗಿಯುವವರೆಗೆ ದೂರ ಇರಬೇಕು. ಗಲ್ಫ್ ಮನೆಗಳಲ್ಲಿ ತಪ್ಪುವುದು ಇದೇ. ಅವಳು ಇಲ್ಲಿ ಮಾತ್ರೆ ಮುಗಿಸಿರುತ್ತಾಳೆ, ಅವನು ಆರು ತಿಂಗಳ ನಂತರ ಪರೀಕ್ಷೆಯೂ ಇಲ್ಲದೆ, ಮಾತ್ರೆಯೂ ಇಲ್ಲದೆ ಬರುತ್ತಾನೆ. ಸೋಂಕು ಮತ್ತೆ ಮೊದಲಿನ ಹಾಗೆ. ಅವನಿಗೆ ಯೂರಿನ್ ಒಂದೇ ಸಾಕು, ಅಲ್ಲಿಯೇ ಕೊಡಬಹುದು, ಅಥವಾ ಬಂದ ಕೂಡಲೇ.

ಮಾತ್ರೆ ಮುಗಿದ ಮರುದಿನವೇ "ಹೋಯ್ತಾ ನೋಡುವ" ಎಂದು ಪಿಸಿಆರ್ ಮಾಡಿಸಬೇಡಿ. ಸತ್ತ ರೋಗಾಣುವಿನ ತುಣುಕುಗಳೂ ಅದರಲ್ಲಿ ಕಾಣುತ್ತವೆ, ಇಲ್ಲದ ಗಾಬರಿ. ಗರ್ಭಿಣಿಯರಿಗೆ ಸುಮಾರು ನಾಲ್ಕು ವಾರ ಬಿಟ್ಟು ನೋಡುತ್ತಾರೆ, ಉಳಿದವರಿಗೆ ಮೂರು ತಿಂಗಳಾದ ಮೇಲೆ ಇನ್ನೊಮ್ಮೆ. ಹಾಗೆಯೇ ಸಂಶಯದ ಸಂಪರ್ಕ ಆಗಿ ಒಂದೆರಡು ದಿನದಲ್ಲಿ ಕೊಟ್ಟ ಸ್ಯಾಂಪಲ್ ನೆಗೆಟಿವ್ ಬಂದರೆ ನಂಬುವಂತಿಲ್ಲ, ಎರಡು ವಾರ ಬೇಕು.

ಆ ಹುಡುಗಿಯನ್ನು ನಾನೇ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಆ ರಿಪೋರ್ಟನ್ನು ಒಮ್ಮೆ ನೋಡಿ ಬದಿಗಿಟ್ಟು, "ಇದನ್ನು ಯಾರು ಬರೆದುಕೊಟ್ಟದ್ದು?" ಎಂದಷ್ಟೇ ಕೇಳಿದರು. ಸ್ವಾಬ್ ಅವಳೇ ತೆಗೆದಳು. ನಾನು ಬಾತ್‌ರೂಮಿನ ಹೊರಗೆ ಅವಳ ಬ್ಯಾಗ್ ಹಿಡಿದು ನಿಂತಿದ್ದೆ. ಎರಡು ದಿನ ಬಿಟ್ಟು ರಿಪೋರ್ಟ್ ಬಂತು. ಸ್ಯಾಂಪಲ್: ಯೋನಿ ಸ್ವಾಬ್. ಫಲಿತಾಂಶ: ಕಂಡುಬಂದಿಲ್ಲ.

ಅದನ್ನು ಫೋಟೋ ತೆಗೆದು ಗಂಡನಿಗೆ ಕಳಿಸಲು ಹೊರಟವಳನ್ನು ನಾನು ತಡೆಯಲಿಲ್ಲ. ಅವಳೇ ಸ್ವಲ್ಪ ಯೋಚಿಸಿ ಮೊಬೈಲ್ ಕೆಳಗಿಟ್ಟಳು.

"ಇದೂ ಪಾಸಿಟಿವ್ ಬಂದಿದ್ರೆ ಮಾಮಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಡಾಕ್ಟರ್ ಮುಂದಿನ ಚೀಟಿಯಲ್ಲಿ ಎರಡು ಪರೀಕ್ಷೆ ಬರೆದಿದ್ದರು. ಅವಳಿಗೆ ಟ್ಯೂಬಿನ ಎಕ್ಸ್‌ರೇ, ಅವನಿಗೆ ವೀರ್ಯಪರೀಕ್ಷೆ. ಗಂಡನ ಹೆಸರು ಮೇಲೆ ಇತ್ತು. ಆ ಚೀಟಿಯ ಫೋಟೋವನ್ನು ಅವಳು ಕಳಿಸಿದಳು. ಅವತ್ತು ರಾತ್ರಿ ಇಶಾ ಕಳೆದು ಅವನೇ ಫೋನ್ ಮಾಡಿದನಂತೆ. ರಜೆಗೆ ಅರ್ಜಿ ಹಾಕಿದ್ದಾನೆ.